ಹದಿನಾರು ಮೊಳದ ಕಿಲ್ಟು, ನಾಲ್ಕು ಮೊಳದ ಲುಂಗಿ

ಚಿಂತಾಮಣಿಯ ಕಡೆಯಿಂದ ಬಂದ ಬಸ್ಸು ಮುರುಗಮಲ್ಲದಲ್ಲಿ ನಿಂತೊಡನೆ, ಇಳಿದ ಗಂಡಸರ ಕೈಗಳು ಮೊತ್ತಮೊದಲು ಮಾಡುವ ಒಂದು ಕೆಲಸವನ್ನು ನಾನು ಬಹು ವರ್ಷಗಳಿಂದ ನೋಡುತ್ತ ಬಂದಿದ್ದೇನೆ. ಪ್ರಯಾಣದ ಸೌಕರ್ಯಕ್ಕಾಗಿ ಮೊಣಕಾಲಿಗಿಂತ ಮೇಲೆ ಮಡಚಿ ಕಟ್ಟಿಕೊಂಡಿದ್ದ ಲುಂಗಿಯನ್ನೋ ಪಂಚೆಯನ್ನೋ ಅವರು, ದರ್ಗಾದ ಕಡೆಗೆ ಮುಖ ತಿರುಗಿಸಿದ ಕ್ಷಣದಲ್ಲಿಯೇ, ಎರಡು ಬೆರಳುಗಳಿಂದ ಸಡಿಲಿಸಿ ಹಿಮ್ಮಡಿಯವರೆಗೆ ಇಳಿಬಿಡುತ್ತಾರೆ. ಹಾಗೆ ಮಾಡಬೇಕೆಂದು ಅಲ್ಲಿ ಯಾವ ಫಲಕವೂ ಹೇಳುವುದಿಲ್ಲ. ಯಾವ ಕಾವಲುಗಾರನೂ ಗದರಿಸುವುದಿಲ್ಲ. ಅಮ್ಮಾಜಾನ್ ಬಾವಾಜಾನರ ಸನ್ನಿಧಿಗೆ ಕಂಗೆಟ್ಟ ಮನಸ್ಸಿನ ಮಗನನ್ನು ಕೈಹಿಡಿದು ಕರೆತಂದ ತಂದೆಯು, ತನ್ನ ದುಃಖದ ಭಾರದಲ್ಲಿ ಊಟ ನಿದ್ರೆಗಳನ್ನು ಮರೆತಿದ್ದರೂ, ಈ ಮಡಿಕೆಯನ್ನು ಬಿಚ್ಚುವುದನ್ನು ಮಾತ್ರ ಮರೆತಿರುವುದಿಲ್ಲ. ಅದೇ ಊರಿನ ಮುಕ್ತೀಶ್ವರಸ್ವಾಮಿಯ ಗುಡಿಗೆ ಹೋಗತಕ್ಕವರೂ ಹೀಗೆಯೇ ಮಾಡುತ್ತಾರೆ. ಒಬ್ಬರದು ಚೌಕಳಿಯ ಬಣ್ಣದ ಬಟ್ಟೆ, ಮತ್ತೊಬ್ಬರದು ಸಣ್ಣಂಚಿನ ಬಿಳಿಯ ಬಟ್ಟೆ. ಒಂದನ್ನು ಹೊಲಿದು ಚೀಲದಂತೆ ಮಾಡಿದ್ದಾರೆ, ಇನ್ನೊಂದು ಹೊಲಿಗೆಯನ್ನೇ ಕಂಡರಿಯದು. ಆದರೆ ದೊಡ್ಡವರೂ ದೇವರೂ ಎದುರಾದಾಗ ಅದನ್ನು ಇಳಿಬಿಡುವ ಮರ್ಯಾದೆ ಎರಡಕ್ಕೂ ಒಂದೇ. ಮೂರು ಭಾಷೆಗಳ ಈ ಸೀಮೆಯಲ್ಲಿ, ಕನ್ನಡವನ್ನೂ ತೆಲುಗನ್ನೂ ದಖನಿ ಉರ್ದುವನ್ನೂ ಒಂದೇ ವಾಕ್ಯದಲ್ಲಿ ಬೆರೆಸಿ ಆಡುವ ಜನರ ನಡುವೆ, ನಾಲಗೆಯ ನೆರವಿಲ್ಲದೆಯೇ ಎಲ್ಲರಿಗೂ ಅರ್ಥವಾಗತಕ್ಕ ನಾಲ್ಕನೆಯ ಭಾಷೆಯೊಂದು ಸೊಂಟದ ಬಟ್ಟೆಯಲ್ಲಿದೆ ಎಂದು ನನಗೆ ಅನೇಕ ವೇಳೆ ಅನ್ನಿಸಿದೆ.

ಈ ಭಾಷೆಯನ್ನು ಬಲ್ಲ ಇನ್ನೊಂದು ಜನಾಂಗವು ಭೂಮಂಡಲದ ಬೇರೊಂದು ಮೂಲೆಯಲ್ಲಿ, ಮಳೆಯೂ ಮಂಜೂ ಬಿಡದ ಬೆಟ್ಟಗಳ ನಡುವೆ ಇರುವುದೆಂದು ನನಗೆ ತಿಳಿದುದು ಬಾಲ್ಯದಲ್ಲಿ ಕಂಡ ಒಂದು ಚಿತ್ರದಿಂದ. ಸ್ಕಾಟ್ಲೆಂಡಿನ ಸೈನಿಕರು ಮೊಣಕಾಲಿನವರೆಗಿನ ಚೌಕಳಿಯ ವಸ್ತ್ರವನ್ನುಟ್ಟು, ಚರ್ಮದ ಚೀಲವನ್ನು ಮುಂದೆ ಇಳಿಬಿಟ್ಟು, ವಾದ್ಯವನ್ನೂದುತ್ತ ಸಾಲಾಗಿ ನಿಂತಿದ್ದ ಚಿತ್ರ ಅದು. ಅದನ್ನು ನೋಡಿದ ನನ್ನ ತಾತ ತಡಮಾಡದೆ ಹೇಳಿದುದು, ಇವರೂ ನಮ್ಮಂತೆ ಲುಂಗಿ ಎತ್ತಿ ಕಟ್ಟಿದ್ದಾರಲ್ಲ, ಎಲೆಅಡಿಕೆ ಸಂಚಿಯನ್ನೂ ಮುಂದಕ್ಕೇ ಸಿಕ್ಕಿಸಿಕೊಂಡಿದ್ದಾರೆ ಎಂದು. ಬಹುಕಾಲದ ಮೇಲೆ ಆ ಉಡುಪಿನ ಚರಿತ್ರೆಯನ್ನು ಓದಿಕೊಂಡಾಗ, ಆ ಮಾತು ಬರಿಯ ಹೋಲಿಕೆಯಲ್ಲ, ವಿಷಯದ ತಿರುಳೇ ಅದರಲ್ಲಿತ್ತೆಂಬುದು ನನಗೆ ಮನವರಿಕೆಯಾಯಿತು.

ಇಂದು ನಾವು ಕಿಲ್ಟು ಎಂದು ಕರೆಯುವ ವಸ್ತ್ರವು ಪೂರ್ವದಲ್ಲಿ ಇಷ್ಟು ಚಿಕ್ಕದಾಗಿರಲಿಲ್ಲ. ಹದಿನಾರನೆಯ ಶತಮಾನದ ಕೊನೆಯ ಭಾಗದಿಂದ ವರ್ಣನೆ ದೊರೆಯುವ ಆ ದೊಡ್ಡ ವಸ್ತ್ರವು, ಹೈಲ್ಯಾಂಡ್ಸ್ ಎಂಬ ಬೆಟ್ಟಸೀಮೆಯ ದನಗಾಹಿಗಳ ಉಣ್ಣೆಯ ಹೊದಿಕೆಯೇ ಆಗಿದ್ದಿತು. ಅದನ್ನು ನೆಲದ ಮೇಲೆ ಹರವಿ, ನೆರಿಗೆ ಹಿಡಿದು, ಅದರ ಮೇಲೆ ಮಲಗಿ ಸೊಂಟಕ್ಕೆ ಪಟ್ಟಿ ಬಿಗಿದುಕೊಂಡು ಎದ್ದರೆ, ಕೆಳಗಿನ ಅರ್ಧ ಉಡುಗೆಯಾಗುತ್ತಿತ್ತು, ಮೇಲಿನ ಅರ್ಧ ಹೆಗಲಿಗೆ ಹೊದಿಕೆಯಾಗುತ್ತಿತ್ತು; ಮಳೆ ಬಂದರೆ ಅದೇ ತಲೆಗೆ ಮುಸುಕು, ಇರುಳಾದರೆ ಅದೇ ಹಾಸಿಗೆ ಅದೇ ಹೊದಿಕೆ. ಚಿಂತಾಮಣಿಯ ಕಡೆಯ ಕುರಿಗಾಹಿಗಳನ್ನು ಕಂಡವರಿಗೆ ಇದರಲ್ಲಿ ಅಪರಿಚಿತವಾದುದೇನೂ ಇಲ್ಲ. ಕರಿಯ ಕಂಬಳಿಯನ್ನು ಕೊಪ್ಪೆಯಾಗಿ ಮಡಚಿ ತಲೆಯ ಮೇಲೆ ಹಾಕಿಕೊಂಡು, ಜಡಿಮಳೆಯಲ್ಲಿ ಕೋಲೂರಿ ನಿಂತು, ರಾತ್ರಿ ಅದನ್ನೇ ಹಟ್ಟಿಯ ಬಳಿ ಹಾಸಿ ಮಲಗುವ ನಮ್ಮ ಕುರುಬನಿಗೂ ಆ ಬೆಟ್ಟದ ಗೋಪಾಲನಿಗೂ ನಡುವೆ ಇರುವ ಅಂತರ ಸಮುದ್ರದ್ದೇ ಹೊರತು ಬುದ್ಧಿಯದಲ್ಲ. ಬಟ್ಟೆಯನ್ನು ಕತ್ತರಿಸದೆ ಬಾಳಿಸುವುದು ಹೇಗೆಂಬುದನ್ನು ಇಬ್ಬರೂ ಬಲ್ಲರು.

ಆ ದೊಡ್ಡ ವಸ್ತ್ರವು ಚಿಕ್ಕದಾದ ಬಗೆಗೆ ಒಂದು ವೃತ್ತಾಂತವಿದೆ. 1720ರ ದಶಕದಲ್ಲಿ ಥಾಮಸ್ ರಾಲಿನ್‌ಸನ್ ಎಂಬ ಆಂಗ್ಲೇಯನು ಆ ಬೆಟ್ಟಸೀಮೆಯಲ್ಲಿ ಕಬ್ಬಿಣದ ಕುಲುಮೆಯನ್ನು ನಡೆಸುತ್ತಿದ್ದನೆಂದೂ, ಅಲ್ಲಿ ದುಡಿಯುತ್ತಿದ್ದವರಿಗೆ ಹೆಗಲ ಮೇಲಿನ ಭಾಗವು ತೊಡಕಾಗುತ್ತಿದ್ದುದರಿಂದ ಅದನ್ನು ತೆಗೆಸಿ ಸೊಂಟದ ಕೆಳಗಿನದನ್ನು ಮಾತ್ರ ಹೊಲಿಸಿ ಉಡಿಸಿದನೆಂದೂ ಹೇಳುತ್ತಾರೆ. ಇದನ್ನು ಒಪ್ಪದ ಸ್ಕಾಟರು ಅನೇಕರಿದ್ದಾರೆ. ಆಂಗ್ಲನೊಬ್ಬನಿಂದ ತಮ್ಮ ಉಡುಪು ಹುಟ್ಟಿತೆಂದರೆ ಅವರ ಅಭಿಮಾನಕ್ಕೆ ನೋವಾಗುವುದು ಸಹಜವೇ. ಹೆಸರು ಯಾರದಾದರೂ ಇರಲಿ, ಕಾರಣವು ದುಡಿಮೆಯೆಂಬುದು ನನಗೆ ಒಪ್ಪಿಗೆ. ಗದ್ದೆಯ ಕೆಸರಿಗಿಳಿಯುವ ರೈತನು ಪಂಚೆಯನ್ನು ಎರಡಾಗಿ ಮಡಚಿ ಸಿಕ್ಕಿಸುವುದೂ ಇದೇ ಕಾರಣದಿಂದಲ್ಲವೆ? ಆದರೆ ನಮ್ಮವನು ಕತ್ತರಿಯನ್ನು ಕೇಳಲಿಲ್ಲ. ಕೆಲಸ ಮುಗಿದೊಡನೆ ಅವನ ಬಟ್ಟೆ ಮತ್ತೆ ಉದ್ದವಾಗುತ್ತದೆ.

ಈಗಿನ ಒಳ್ಳೆಯ ಕಿಲ್ಟೊಂದಕ್ಕೆ ಸುಮಾರು 8 ಗಜ ಉಣ್ಣೆಯ ಬಟ್ಟೆ ಬೇಕು. ನಮ್ಮ ಲೆಕ್ಕದಲ್ಲಿ ಅದು 16 ಮೊಳ. ಎಂಟು ಮೊಳದ ಜೋಡಿ ಪಂಚೆ ಎರಡರಷ್ಟು. ನಾವು ಕಚ್ಚೆ ಹಾಕುವಾಗ ನೆರಿಗೆಯನ್ನು ಮುಂದೆ ಹಿಡಿಯುತ್ತೇವೆ. ಅವರ ನೆರಿಗೆಯೆಲ್ಲ ಹಿಂದೆ, ಮುಂಭಾಗ ಚಪ್ಪಟೆ. ಅಷ್ಟು ಬಟ್ಟೆಯನ್ನು ನೆರಿಗೆಯಲ್ಲಿ ಒತ್ತಾಗಿ ಕೂಡಿಸಿದರೂ ಹಿಂದಿನಿಂದ ನೋಡುವವರಿಗೆ ಚೌಕಳಿಯ ಗೆರೆಗಳು ಮುರಿಯದಂತೆ ಕಾಣಬೇಕೆಂಬುದು ಅಲ್ಲಿಯ ದರ್ಜಿಗಳ ಕೌಶಲ. ಚಳಿಯ ದೇಶದಲ್ಲಿ ಆ ನೆರಿಗೆಗಳ ಪದರವು ಬಿಸಿಯನ್ನು ಹಿಡಿದಿಟ್ಟರೆ, ನಮ್ಮ ಬಿಸಿಲಿನಲ್ಲಿ ನಾಲ್ಕು ಮೊಳದ ತೆಳುವಾದ ಹತ್ತಿಯು ಗಾಳಿಯನ್ನು ಒಳಗೆ ಬಿಟ್ಟುಕೊಡುತ್ತದೆ. ಜೇಬಿಲ್ಲದ ಕೊರತೆಯನ್ನು ಅವರು ಸ್ಪೋರನ್ ಎಂಬ ಚರ್ಮದ ಚೀಲದಿಂದ ತುಂಬಿಕೊಂಡರು. ನಮ್ಮ ರೈತನು ಸೊಂಟದ ಗಂಟಿನಲ್ಲಿಯೂ, ಒಳಗಿನ ಪಟ್ಟೆಪಟ್ಟೆ ಚಡ್ಡಿಯ ಆಳವಾದ ಜೇಬಿನಲ್ಲಿಯೂ ಹಣವನ್ನಿರಿಸಿ, ಎಲೆಅಡಿಕೆಗೆ ಸಂಚಿಯನ್ನು ಬೇರೆಯಾಗಿ ಇಟ್ಟುಕೊಂಡನು.

ಇನ್ನು ಆ ಉಡುಪಿಗೆ ಬಂದ ಆಪತ್ತಿನ ಕಥೆ. 1746ರ ಏಪ್ರಿಲ್ 16ರಂದು ಕಲೋಡನ್ ಎಂಬ ಬಯಲಿನಲ್ಲಿ ಬೆಟ್ಟಸೀಮೆಯ ಬಂಡಾಯಗಾರರು ಸೋತರು. ಗೆದ್ದ ಸರ್ಕಾರವು ಆಯುಧಗಳನ್ನು ಕಸಿದುಕೊಂಡು ತೃಪ್ತವಾಗಲಿಲ್ಲ. ಸೊಂಟದ ಬಟ್ಟೆಯ ಮೇಲೂ ಕೈಹಾಕಿತು. ಅದೇ ವರ್ಷದ ಶಾಸನವು 1747ರ ಆಗಸ್ಟ್ 1ರಿಂದ ಸ್ಕಾಟ್ಲೆಂಡಿನ ಗಂಡಸಾಗಲಿ ಹುಡುಗನಾಗಲಿ ಬೆಟ್ಟಸೀಮೆಯ ಉಡುಪನ್ನು ಧರಿಸಕೂಡದೆಂದು ವಿಧಿಸಿತು. ಮೊದಲ ಸಲ ಸಿಕ್ಕವನಿಗೆ ಜಾಮೀನಿಲ್ಲದ 6 ತಿಂಗಳ ಸೆರೆ. ಎರಡನೆಯ ಸಲ ಸಿಕ್ಕರೆ 7 ವರ್ಷ ಕಡಲಾಚೆಯ ವಸಾಹತಿಗೆ ಗಡೀಪಾರು. ದೊರೆಯ ಸೈನ್ಯಕ್ಕೆ ಸೇರಿದವನಿಗೆ ಮಾತ್ರ ವಿನಾಯಿತಿ. ಹೊಲದಲ್ಲಿ ಉಟ್ಟರೆ ಅಪರಾಧವಾದ ಬಟ್ಟೆಯು ದೊರೆಗಾಗಿ ಸಾಯುವವನ ಮೈಮೇಲೆ ಸಮವಸ್ತ್ರವಾಯಿತು. ಈ ಶಾಸನವು 1782ರಲ್ಲಿ ರದ್ದಾಗುವ ಹೊತ್ತಿಗೆ 35 ವರ್ಷಗಳು ಕಳೆದಿದ್ದವು. ಮೂವತ್ತೈದು ವರ್ಷಗಳೆಂದರೆ, ಮಗನಿಗೆ ಉಡಲು ಕಲಿಸಬೇಕಾದ ತಂದೆಯೇ ಉಡುವುದನ್ನು ಮರೆಯುವಷ್ಟು ಕಾಲ.

ಆ ನಿಷೇಧದ ಕಾಲದಲ್ಲಿ ಹುಟ್ಟಿ ಬೆಳೆದ ಸ್ಕಾಟನೊಬ್ಬನು ನಮ್ಮ ಸೀಮೆಗೆ ಬಂದಿದ್ದನು. 1762ರಲ್ಲಿ ಪರ್ತ್‌ಶೈರಿನ ಕ್ಯಾಲಂಡರ್ ಬಳಿ ಜನಿಸಿದ ಫ್ರಾನ್ಸಿಸ್ ಬುಕಾನನ್, ಟಿಪ್ಪುವಿನ ಪತನದ ಮರುವರ್ಷ, 1800ರಲ್ಲಿ, ಗವರ್ನರ್ ಜನರಲ್ ವೆಲ್ಲೆಸ್ಲಿಯ ಆಜ್ಞೆಯಂತೆ ಮೈಸೂರು ದೇಶವನ್ನು ಸಂಚರಿಸುತ್ತ, ಕೋಲಾರ ಶಿಡ್ಲಘಟ್ಟ ಚಿಕ್ಕಬಳ್ಳಾಪುರಗಳ ಮಾರ್ಗವಾಗಿಯೂ ಸಾಗಿದನು. ಬೆಳೆ, ಮಣ್ಣು, ಜಾತಿ, ಕಂದಾಯಗಳ ಜೊತೆಗೆ ದೇವಾಂಗ ತೊಗಟ ಮೊದಲಾದ ನೇಕಾರರ ಮಗ್ಗಗಳನ್ನೂ ಅವರು ನೇಯತಕ್ಕ ಬಟ್ಟೆಗಳನ್ನೂ ಆತನು ವಿಚಾರಿಸಿ ಬರೆದುಕೊಂಡನು; 1807ರಲ್ಲಿ ಅದು ಮೂರು ಸಂಪುಟಗಳಾಗಿ ಪ್ರಕಟವಾಯಿತು. ತನ್ನ ಸೀಮೆಯ ಗಂಡಸರು ಪೂರ್ವಿಕರ ವಸ್ತ್ರವನ್ನುಟ್ಟರೆ ಸೆರೆಮನೆಗೆ ಹೋಗಬೇಕಾಗಿದ್ದ ಕಾಲದಲ್ಲಿ ಇಪ್ಪತ್ತು ವರ್ಷ ಬೆಳೆದವನು, ಇಲ್ಲಿ ಊರಿಗೆ ಊರೇ ಹೊಲಿಗೆಯಿಲ್ಲದ ಬಟ್ಟೆಯನ್ನು ಸೊಂಟಕ್ಕೆ ಸುತ್ತಿ ನಿರ್ಭಯವಾಗಿ ನಡೆದಾಡುತ್ತಿದ್ದುದನ್ನು ಕಂಡಾಗ ಅವನ ಮನಸ್ಸಿನಲ್ಲಿ ಏನು ಸುಳಿದಿರಬಹುದೆಂದು ನಾನು ಹಲವು ಸಲ ಯೋಚಿಸಿದ್ದೇನೆ.

ಅವನಿಗಿಂತ ಮುಂಚೆಯೇ ಅವನ ದೇಶಬಾಂಧವರು ಕತ್ತಿ ಹಿಡಿದು ಬಂದಿದ್ದರು. 1791ರ ಅಕ್ಟೋಬರಿನಲ್ಲಿ, ಮೂರು ವಾರಗಳ ಮುತ್ತಿಗೆಯ ಬಳಿಕ, ನಂದಿದುರ್ಗದ ಕೋಟೆಯನ್ನು ಬೆಳುದಿಂಗಳಿನ ರಾತ್ರಿಯಲ್ಲಿ ಹತ್ತಿದ ಕಾರ್ನ್‌ವಾಲಿಸನ ಸೈನ್ಯದ ಮುಂಚೂಣಿಯಲ್ಲಿ 71ನೆಯ ಹೈಲ್ಯಾಂಡ್ ರೆಜಿಮೆಂಟಿನ ತುಕಡಿಗಳಿದ್ದವು. 1780ರಲ್ಲಿ ಪೊಳ್ಳಿಲೂರಿನಲ್ಲಿ ಹೈದರಾಲಿಯ ಸೈನ್ಯದಿಂದ ಸೋಲುಂಡದ್ದೂ, ಸೆರೆಸಿಕ್ಕಿ ಶ್ರೀರಂಗಪಟ್ಟಣ ಸೇರಿದ್ದೂ ಆಗ 73 ಎಂಬ ಸಂಖ್ಯೆಯಿಂದ ಕರೆಯಲ್ಪಡುತ್ತಿದ್ದ ಇದೇ ಪಡೆಯ ತುಕಡಿಗಳು. ಉಷ್ಣದೇಶದ ಸೇವೆಯಲ್ಲಿ ಈ ಬೆಟ್ಟದ ಪಡೆಗಳು ಅನೇಕ ವೇಳೆ ಉಣ್ಣೆಯ ಕಿಲ್ಟನ್ನು ಕಳಚಿಟ್ಟು ಬಿಳಿಯ ಷರಾಯಿಯನ್ನು ಹಾಕಿಕೊಳ್ಳುತ್ತಿದ್ದವು. ಸುತ್ತು ಬಟ್ಟೆಯ ದೇಶದವರು ಸುತ್ತು ಬಟ್ಟೆಯ ಇನ್ನೊಂದು ದೇಶಕ್ಕೆ ಬಂದು ಷರಾಯಿ ತೊಟ್ಟು ನಿಂತರು. ಅವರ ಹಿಂದೆ ಬಂದ ಆಳ್ವಿಕೆಯು ನಮ್ಮ ಅಧಿಕಾರಿವರ್ಗಕ್ಕೂ ಅದನ್ನೇ ತೊಡಿಸಿತು.

ಸ್ಕಾಟ್ಲೆಂಡಿನಲ್ಲಿ ಶಾಸನವು ತೊಲಗಿದ ಮೇಲೆ ಕಿಲ್ಟು ಮರಳಿ ಬಂದಿತು, ಆದರೆ ದನಗಾಹಿಯ ಮೈಗಲ್ಲ. 1822ರಲ್ಲಿ ನಾಲ್ಕನೆಯ ಜಾರ್ಜ್ ದೊರೆಯು ಎಡಿನ್‌ಬರೋ ನಗರಕ್ಕೆ ಭೇಟಿಯಿತ್ತಾಗ, ಕಾದಂಬರಿಕಾರ ವಾಲ್ಟರ್ ಸ್ಕಾಟನು ಏರ್ಪಡಿಸಿದ ಉತ್ಸವದಲ್ಲಿ ಸ್ವಯಂ ದೊರೆಯೇ ಅದನ್ನುಟ್ಟು ಮೆರೆದನು. ಇಂತಹ ಕುಲಕ್ಕೆ ಇಂತಹ ಚೌಕಳಿ ಎಂಬ ನಿಯಮಗಳಲ್ಲಿ ಹೆಚ್ಚಿನವು ಆ ಶತಮಾನದಲ್ಲಿಯೇ ಸ್ಥಿರಗೊಂಡವು. ಆ ಹೊತ್ತಿಗೆ ಬಡ ಬೆಟ್ಟದವನು ತನ್ನ ನೆಲದಿಂದಲೇ ಒಕ್ಕಲೆಬ್ಬಿಸಲ್ಪಟ್ಟು, ಕುರಿಗಳಿಗೆ ಜಾಗ ಬಿಟ್ಟುಕೊಟ್ಟು, ಹಡಗು ಹತ್ತುತ್ತಿದ್ದನು. ಉಡುಪು ಉಳಿಯಿತು, ಉಟ್ಟವನು ಉಳಿಯಲಿಲ್ಲ. ಈಗ ಅಲ್ಲಿ ಮದುವೆಗೆ, ಪದವಿಪ್ರದಾನಕ್ಕೆ, ಆಟೋತ್ಸವಕ್ಕೆ ಕಿಲ್ಟು ಬೇಕು, ಬಾಡಿಗೆಗೂ ದೊರೆಯುತ್ತದೆ. ಬೆಳಗ್ಗೆ ಎದ್ದು ಹಾಲು ತರಲು, ತೋಟ ಅಗೆಯಲು, ಕಚೇರಿಗೆ ಹೋಗಲು ಅದನ್ನೇ ಉಡತಕ್ಕವರು ವಿರಳ. ಆ ಕೆಲವರನ್ನು ಬೀದಿಯಲ್ಲಿ ಕಂಡವರು ಇಂದು ಏನು ವಿಶೇಷವೆಂದು ಕೇಳುತ್ತಾರಂತೆ. ನಿತ್ಯದ ಬಟ್ಟೆಯನ್ನುಟ್ಟವನನ್ನು ವಿಶೇಷವೇನೆಂದು ಕೇಳುವ ದಿನ ಬಂದರೆ ಆ ಬಟ್ಟೆಯು ಮನೆಯಿಂದ ಪೆಟ್ಟಿಗೆಗೆ ಸರಿದಿದೆಯೆಂದೇ ತಿಳಿಯಬೇಕು. ಆ ಪ್ರಶ್ನೆಯನ್ನು ಈಗ ಪಂಚೆಯುಟ್ಟ ನನಗೂ ಬೆಂಗಳೂರಿನಲ್ಲಿ ಕೇಳುತ್ತಾರೆ. ನನ್ನ ಕಳವಳವಿರುವುದು ಅಲ್ಲಿಯೇ.

ನಮ್ಮ ಚಿಕ್ಕಬಳ್ಳಾಪುರ ಜಿಲ್ಲೆಯು ಈ ವಿಷಯದಲ್ಲಿ ಎರಡು ಮೇಲ್ಪಂಕ್ತಿಗಳನ್ನು ಕೊಟ್ಟಿದೆ. ಮುದ್ದೇನಹಳ್ಳಿಯಲ್ಲಿ ಹುಟ್ಟಿದ ಸರ್ ಎಂ. ವಿಶ್ವೇಶ್ವರಯ್ಯನವರು ಒಂದು ಸುಕ್ಕೂ ಇಲ್ಲದ ಸೂಟನ್ನು ಧರಿಸಿ, ಮೇಲೆ ಮೈಸೂರು ಪೇಟವನ್ನಿರಿಸಿ, ಯಂತ್ರಯುಗದ ಶಿಸ್ತನ್ನು ಮೈಮೇಲೆಯೇ ತೋರಿಸಿದರು. ಗೌರಿಬಿದನೂರು ತಾಲ್ಲೂಕಿನ ಹೊಸೂರಿನಲ್ಲಿ 1920ರಲ್ಲಿ ಹುಟ್ಟಿದ ಡಾ. ಎಚ್. ನರಸಿಂಹಯ್ಯನವರು ಖಾದಿಯ ಪಂಚೆ, ಜುಬ್ಬ, ಗಾಂಧಿ ಟೋಪಿಗಳಲ್ಲಿಯೇ ಬಾಳನ್ನು ಕಳೆದರು. ಅವರು ಅಮೆರಿಕದ ಒಹಾಯೊ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ಬೈಜಿಕ ಭೌತವಿಜ್ಞಾನದಲ್ಲಿ ಡಾಕ್ಟರೇಟ್ ಪಡೆದವರು. 1972ರಿಂದ 1977ರವರೆಗೆ ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಗಳಾಗಿದ್ದವರು. ಪವಾಡಗಳನ್ನು ಪರೀಕ್ಷೆಗೊಡ್ಡಬೇಕೆಂದು ಸಮಿತಿಯನ್ನೇ ರಚಿಸಿದ ವಿಚಾರವಾದಿಗಳು. ಬಸವನಗುಡಿಯ ನ್ಯಾಷನಲ್ ಕಾಲೇಜಿನ ವಿದ್ಯಾರ್ಥಿನಿಲಯದ ಒಂದು ಕೋಣೆಯೇ ಅವರಿಗೆ ಮನೆ. ಪಂಚೆಯು ಹಿಂದುಳಿದವರ ಗುರುತು, ವಿಜ್ಞಾನವು ಷರಾಯಿಯ ಜೊತೆಗಾರ ಎಂದು ಭಾವಿಸುವವರು ಈ ಒಂದು ಜೀವನವನ್ನು ನೋಡಿದರೆ ಸಾಕು. ವಿಶ್ವೇಶ್ವರಯ್ಯನವರ ಸೂಟಿನ ಮೇಲೆ ನನಗೆ ಗೌರವವಿದೆ. ಆದರೆ ಯಾವ ಸಭೆಗಾಗಿಯೂ ಯಾವ ಪದವಿಗಾಗಿಯೂ ಬದಲಾಗದ ಆ ಖಾದಿಯ ಪಂಚೆಯ ಮೇಲೆ ಪ್ರೀತಿಯಿದೆ.

ಇಂತಹ ನಾಡಿನ ರಾಜಧಾನಿಯಲ್ಲಿಯೇ, 2024ರ ಜುಲೈ ತಿಂಗಳಿನಲ್ಲಿ, ಮಗನೊಡನೆ ಸಿನಿಮಾ ನೋಡಲು ಬಂದ ಹಾವೇರಿ ಕಡೆಯ ಮುಪ್ಪಿನ ರೈತರೊಬ್ಬರನ್ನು, ಪಂಚೆಯುಟ್ಟಿದ್ದ ಒಂದೇ ಕಾರಣಕ್ಕಾಗಿ, ಮಾಗಡಿ ರಸ್ತೆಯ ಮಾಲ್ ಒಂದರ ಬಾಗಿಲಲ್ಲಿ ತಡೆದರು. ಕೈಯಲ್ಲಿ ಟಿಕೆಟ್ ಇದ್ದಿತು. ಸರ್ಕಾರವು ಆ ಮಳಿಗೆಯನ್ನು ಏಳು ದಿನ ಮುಚ್ಚಿಸುವುದಾಗಿ ಸಾರಿತು. ಅವರಿಗೆ ಸನ್ಮಾನವೂ ಆಯಿತು. ಇದಕ್ಕೆ ಹತ್ತು ವರ್ಷ ಮೊದಲು, 2014ರಲ್ಲಿ, ಮದ್ರಾಸ್ ಹೈಕೋರ್ಟಿನ ನ್ಯಾಯಮೂರ್ತಿಗಳೊಬ್ಬರನ್ನು ಚೆನ್ನೈನ ಕ್ಲಬ್ಬೊಂದು ಪಂಚೆಯ ಕಾರಣದಿಂದಲೇ ಹೊರಗೆ ನಿಲ್ಲಿಸಿದಾಗ, ತಮಿಳುನಾಡಿನ ಶಾಸನಸಭೆಯು ಅಂತಹ ತಡೆಯನ್ನು ನಿವಾರಿಸುವ ಕಾಯಿದೆಯನ್ನೇ ಮಾಡಿತು. 1746ರಲ್ಲಿ ಬಟ್ಟೆಯನ್ನು ಬಿಡಿಸಲು ಒಂದು ಶಾಸನ ಬೇಕಾಯಿತು. 2014ರಲ್ಲಿ ಬಟ್ಟೆಯನ್ನು ಉಳಿಸಲು ಒಂದು ಶಾಸನ ಬೇಕಾಯಿತು. ನಮ್ಮಲ್ಲಿ ಪಂಚೆಯನ್ನು ನಿಷೇಧಿಸಿದ ದೊರೆ ಯಾವನೂ ಇರಲಿಲ್ಲ. ಬಾಗಿಲಿನ ಕಾವಲುಗಾರನ ಕಣ್ಣು, ಮದುವೆಮನೆಯ ಛಾಯಾಗ್ರಾಹಕನ ಸಲಹೆ, ಸಂದರ್ಶನಕ್ಕೆ ಹೊರಟ ಮಗನ ಸಂಕೋಚ, ಇವೇ ಸೇರಿ ಆ ಕೆಲಸವನ್ನು ನಡೆಸುತ್ತಿವೆ. ಶಾಸನವಾದರೆ ಅದನ್ನು ರದ್ದುಮಾಡಬಹುದು. ನಾಚಿಕೆಯನ್ನು ಯಾವ ಸಭೆಯಲ್ಲಿ ರದ್ದುಮಾಡುವುದು?

ಆದರೂ ಶಿಡ್ಲಘಟ್ಟಕ್ಕೆ ಹೋದಾಗಲೆಲ್ಲ ನನ್ನ ಮನಸ್ಸಿಗೆ ಸಮಾಧಾನವಾಗುತ್ತದೆ. ಸೂರ್ಯೋದಯಕ್ಕೆ ಮುಂಚೆಯೇ ಅಲ್ಲಿಯ ಓಣಿಗಳಲ್ಲಿ ರೇಷ್ಮೆ ನೂಲು ಬಿಚ್ಚುವ ಮನೆಗಳ ಒಲೆಗಳು ಹೊತ್ತಿಕೊಂಡಿರುತ್ತವೆ. ಬೆಂದ ಗೂಡಿನ ಆ ತೀಕ್ಷ್ಣವಾದ ವಾಸನೆಯು ಮೊದಲ ಸಲ ಹೋದವನನ್ನು ಹಿಮ್ಮೆಟ್ಟಿಸುವುದುಂಟು. ಕುದಿನೀರಿನ ತೊಟ್ಟಿಯಲ್ಲಿ ಗೂಡುಗಳನ್ನು ಬೇಯಿಸಿ, ಬೆರಳತುದಿಯಿಂದ ಎಳೆಯ ಮೊದಲನ್ನು ಹುಡುಕಿ, ಹಲವು ಗೂಡುಗಳ ಎಳೆಗಳನ್ನು ಒಂದಾಗಿ ಕೂಡಿಸಿ ರಾಟೆಗೆ ಏರಿಸುವ ಈ ಕೆಲಸದಲ್ಲಿ ಮೇಲೆ ಹಬೆ, ಕೆಳಗೆ ನೀರು, ನಡುವೆ ಮನುಷ್ಯ. ಷರಾಯಿಯಾದರೆ ಗಳಿಗೆಯೊಳಗೆ ತೊಯ್ದು ಕಾಲಿಗೆ ಅಂಟಿಕೊಳ್ಳುವುದು. ಎತ್ತಿ ಕಟ್ಟಿದ ಲುಂಗಿಗೆ ಆ ಬಾಧೆಯಿಲ್ಲ: ತೊಯ್ದರೆ ಹಿಂಡಬಹುದು, ಬೆವರಾದರೆ ತುದಿಯಿಂದ ಮುಖವನ್ನೊರಸಬಹುದು, ಬಿಸಿಯ ಪಾತ್ರೆಯನ್ನು ಇಳಿಸಲು ಅದನ್ನೇ ಕೈಗೆ ಸುತ್ತಿಕೊಳ್ಳಬಹುದು. ನೂಲು ಬಿಚ್ಚುವವರಲ್ಲಿ ಮುಸಲ್ಮಾನ ಮನೆತನಗಳು ಬಹಳ. ಅವರದು ಚೌಕಳಿಯ ಲುಂಗಿ, ಗುಡಿಯಾತ್ತದಂತಹ ತಮಿಳು ಸೀಮೆಯ ಮಗ್ಗದ ಊರುಗಳು ಹೆಸರಾಗಿರುವುದು ಇಂತಹ ಬಟ್ಟೆಗೇ. ಹಿಪ್ಪುನೇರಳೆ ಬೆಳೆದು, ಹುಳು ಸಾಕಿ, ಚಂದ್ರಿಕೆಯಿಂದ ಗೂಡು ಬಿಡಿಸಿ ಮೂಟೆ ಕಟ್ಟಿ ತರುವ ಹಳ್ಳಿಯ ರೈತರದು ಬಿಳಿಯ ಪಂಚೆ, ಹೆಗಲ ಮೇಲೊಂದು ಟವಲು. ಗೂಡಿನ ಮಾರುಕಟ್ಟೆಯಲ್ಲಿ ಹರಾಜು ಈಗ ಮೊಬೈಲಿನಲ್ಲಿ ನಡೆಯುತ್ತದೆ. ಬೆರಳು ಗಾಜಿನ ಮೇಲೆ, ಸೊಂಟದಲ್ಲಿ ತಾತನ ಕಾಲದ ಕಟ್ಟು. ಹೊಸದಕ್ಕೂ ಹಳೆಯದಕ್ಕೂ ಜಗಳವಿರಲೇಬೇಕೆಂಬ ನಮ್ಮ ಪೇಟೆಯ ನಂಬಿಕೆಯನ್ನು ಆ ಜನ ಕೇಳಿಯೇ ಇಲ್ಲ. ನಾಡಿನ ಮದುವೆಗಳಿಗೆಲ್ಲ ರೇಷ್ಮೆಯನ್ನು ಒದಗಿಸುವ ಈ ಕೈಗಳ ಒಡೆಯರು ತಾವು ಉಡುವುದು ಹತ್ತಿ. ಅವರಿಗೂ ರೇಷ್ಮೆ ಒಂದು ದಿನದ ಉಡುಗೆ, ಹತ್ತಿಯೇ ಬಾಳಿನದು.

ಬಾಳಿನ ಬಟ್ಟೆಯೆಂದೆ; ಅದು ಅತಿಶಯೋಕ್ತಿಯಲ್ಲ. ನನ್ನ ತಾತನ ಪಂಚೆಯೊಂದರ ಜೀವನವನ್ನು ನಾನು ಆದ್ಯಂತವಾಗಿ ಬಲ್ಲೆ. ಯುಗಾದಿಗೆ ಅರಿಶಿನ ಹಚ್ಚಿ ಉಟ್ಟ ಹೊಸ ಎಂಟು ಮೊಳವು ಎರಡು ವರ್ಷ ಹಬ್ಬಕ್ಕೂ ಸಂತೆಗೂ ಹೋಗಿಬಂದಿತು. ಅಂಚು ಸವೆದ ಮೇಲೆ ಎರಡಾಗಿ ಹರಿದು ಹೊಲಕ್ಕೆ ಇಳಿಯಿತು. ಅದರಲ್ಲೊಂದು ತುಂಡು ನನ್ನ ತಂಗಿಗೆ ತೊಟ್ಟಿಲಿನ ಜೋಲಿಯಾಯಿತು. ಮತ್ತೊಂದು ಹುಣಿಸೆಹಣ್ಣು ಕಟ್ಟಲು, ಮಜ್ಜಿಗೆ ಸೋಸಲು, ಜ್ವರ ಬಂದಾಗ ಹಣೆಗೆ ಒದ್ದೆಬಟ್ಟೆಯಾಗಿ ಇಡಲು ಒದಗಿತು. ಕೊನೆಯಲ್ಲಿ ಉಳಿದ ಚೂರುಗಳನ್ನು ಅಜ್ಜಿ ಬತ್ತಿ ಹೊಸೆದು ಕಾರ್ತಿಕದ ದೀಪಕ್ಕೆ ಹಾಕಿದರು. ಕತ್ತರಿಸಿ ಹೊಲಿದ ಬಟ್ಟೆಗೆ ಇಷ್ಟು ಜನ್ಮಗಳಿಲ್ಲ.

ಕಳೆದ ವರ್ಷ ನನ್ನ ಮೊಮ್ಮಗನ ಶಾಲೆಯಲ್ಲಿ ಸಾಂಪ್ರದಾಯಿಕ ಉಡುಪಿನ ದಿನವೊಂದನ್ನು ಏರ್ಪಡಿಸಿದ್ದರು. ಅವನಿಗಾಗಿ ಅಂಗಡಿಯಿಂದ ತಂದ ಪಂಚೆಯಲ್ಲಿ ನೆರಿಗೆಗಳನ್ನು ಮೊದಲೇ ಹೊಲಿದಿದ್ದರು. ಸೊಂಟಕ್ಕೆ ಪರ್ರನೆ ಅಂಟುವ ಪಟ್ಟಿ, ಪಕ್ಕದಲ್ಲೊಂದು ಜೇಬು. ಹುಡುಗನು ಸಂಜೆಯವರೆಗೆ ಅದನ್ನು ಧರಿಸಿದ್ದು, ಫೋಟೋ ಮುಗಿದೊಡನೆ ಕಳಚಿ ಮೂಲೆಗೆ ಹಾಕಿದನು. ಅವನನ್ನು ಬಯ್ಯಲು ನನಗೆ ಮನಸ್ಸಾಗಲಿಲ್ಲ. ಅವನು ಉಟ್ಟದ್ದು ವೇಷವನ್ನು, ವೇಷವನ್ನು ಕಳಚಲೇಬೇಕಲ್ಲ. ಬೇಸಗೆಯ ರಜೆಗೆ ಊರಿಗೆ ಬಂದಾಗ, ಒಗೆದು ಮೆದುವಾದ ನನ್ನದೇ ಒಂದು ಪಂಚೆಯನ್ನು ಅವನಿಗಾಗಿ ಅರ್ಧಕ್ಕೆ ಹರಿದೆ. ಎರಡು ತುದಿಗಳನ್ನು ಸಮನಾಗಿ ಹಿಡಿ, ಹೊಟ್ಟೆಯನ್ನು ಒಳಗೆಳೆದುಕೊ, ಎಡದ್ದನ್ನು ಒತ್ತಿ ಹಿಡಿದು ಬಲದ್ದನ್ನು ಮೇಲೆ ತಂದು ಬಿಗಿಯಾಗಿ ಸುತ್ತಿ ಒಳಕ್ಕೆ ಸಿಕ್ಕಿಸು ಎಂದು ಹೇಳಿಕೊಟ್ಟೆ. ಮೊದಲ ದಿನ ಅಂಗಳ ದಾಟುವುದರೊಳಗೆ ಮೂರು ಸಲ ಜಾರಿತು. ಎರಡನೆಯ ದಿನ ಒಂದು ಕೈಯಲ್ಲಿ ಗಂಟನ್ನು ಹಿಡಿದುಕೊಂಡೇ ಇಡೀ ಹೊತ್ತು ಓಡಾಡಿದನು. ಐದನೆಯ ದಿನವೋ ಆರನೆಯ ದಿನವೋ ಬೆಳಗ್ಗೆ ಅವನ ತಾಯಿ ಅಂಗಡಿಯಿಂದ ಮೊಸರು ತರಲು ಯಾರಾದರೂ ಹೋಗಬೇಕೆಂದಳು. ಅವನು ಪಂಚೆಯನ್ನು ಮೊಣಕಾಲಿನ ಮೇಲಕ್ಕೆ ಮಡಚಿ ಸಿಕ್ಕಿಸಿ, ಎರಡೂ ಕೈಗಳನ್ನು ಬೀಸಿಕೊಂಡು, ಪಾತ್ರೆಯನ್ನು ಮರೆತು ಹೊರಟನು. ಬಾಗಿಲ ಬಳಿ ನೆರೆಮನೆಯ ಹಿರಿಯರು ಎದುರಾದರು, ಅವನ ಕೈ ತಾನಾಗಿಯೇ ಸೊಂಟಕ್ಕೆ ಹೋಯಿತು.